ಐದು ಮನೆಯ ರೊಟ್ಟಿ

ಶಹಾಬಾದಿನ ಅಂಚಿಗೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಕಲ್ಯಾಣ ವಿಹಾರ ಅನ್ನುವ ಲೇಔಟ್ ಇದೆ. ಅದನ್ನು ಕಟ್ಟಿದವರು ಕಮಾನಿನ ಪಕ್ಕದಲ್ಲೇ ಒಂದು ದೊಡ್ಡ ಬೋರ್ಡು ನಿಲ್ಲಿಸಿದ್ದಾರೆ: ಸ್ಟೇಷನ್ನಿಗೆ ಹತ್ತು ನಿಮಿಷ, ಬಸ್ ಸ್ಟ್ಯಾಂಡಿಗೆ ಹತ್ತು ನಿಮಿಷ, ವಾಡಿ, ಚಿತ್ತಾಪುರ, ಕಲಬುರಗಿ ಎಲ್ಲದಕ್ಕೂ ಹತ್ತಿರ. ಬೋರ್ಡು ಸುಳ್ಳು ಹೇಳುವುದಿಲ್ಲ. ಬೆಳಗಾದರೆ ಸಾಕು, ಇಲ್ಲಿನ ಜನ ಬುತ್ತಿ ಡಬ್ಬಿ ಹಿಡಿದು ನಾಲ್ಕು ದಿಕ್ಕಿಗೆ ಚದುರಿ ಹೋಗುತ್ತಾರೆ, ದೀಪ ಹಚ್ಚುವ ಹೊತ್ತಿಗೆ ಬಂದು ಗೇಟು ಹಾಕಿಕೊಳ್ಳುತ್ತಾರೆ. ಪಕ್ಕದ ಮನೆಗೆ ಎಷ್ಟು ನಿಮಿಷ ಅಂತ ಬೋರ್ಡಿನಲ್ಲಿ ಬರೆದಿಲ್ಲ. ಯಾರೂ ಕೇಳಿದ್ದೂ ಇಲ್ಲ.

ಭುವನೇಶ್ವರಿಯೂ ಕೇಳಿದವಳಲ್ಲ. ಅವಳಿಗೆ ಚಿತ್ತಾಪುರದ ಕೋರ್ಟಿನಲ್ಲಿ ಗುಮಾಸ್ತೆಯ ಕೆಲಸ. ಗಂಡ ಅಶೋಕಕುಮಾರನಿಗೆ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ. ಮಗಳು ದಾನೇಶ್ವರಿ ಕಲಬುರಗಿಯ ಹಾಸ್ಟೆಲು ಸೇರಿದ ಮೇಲೆ ಮನೆಯಲ್ಲಿ ಒಂದು ಕೋಣೆ ಖಾಲಿ ಬಿದ್ದಿತ್ತು. ಅತ್ತೆ ತೀರಿಕೊಂಡ ವರ್ಷ, ಸೇಡಂ ಕಡೆಯ ಮುಧೋಳದ ಆಚೆಯ ಹಳ್ಳಿಯಲ್ಲಿ ಒಬ್ಬರೇ ಉಳಿದಿದ್ದ ಮಾವ ರೇವಣಸಿದ್ದಯ್ಯನವರನ್ನು ಆ ಕೋಣೆಗೆ ಕರೆತಂದವಳು ಅವಳೇ. ಗಂಡ ಹೇಳಿ ಕರೆತಂದದ್ದಲ್ಲ. ತಾಯಿಯಿಲ್ಲದ ಹುಡುಗಿಯಾಗಿ ಆ ಮನೆ ಸೇರಿದವಳು, ರೊಟ್ಟಿ ಬಡಿಯುವುದನ್ನು ಅತ್ತೆಯಿಂದ ಕಲಿತಿದ್ದಳು, ನಾಲ್ಕು ಜನರ ಮುಂದೆ ತಲೆ ಎತ್ತಿ ಮಾತಾಡುವುದನ್ನು ಮಾವನಿಂದ ಕಲಿತಿದ್ದಳು. ಅವರು ಅಂದರೆ ಅವಳಿಗೆ ಜೀವ.

ಬಂದ ಮರುದಿನ ಬೆಳಿಗ್ಗೆ ಅವಳು ಕುಕ್ಕರ್ ಇಳಿಸುತ್ತಿರುವಾಗ ಪಡಸಾಲೆಯಲ್ಲಿ ಘಲ್ಲೆಂದು ಸದ್ದಾಯಿತು. ನೋಡಿದರೆ ಮಾವ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ, ಹೆಗಲಿಗೆ ಕಾವಿ ಜೋಳಿಗೆ ಹಾಕಿಕೊಂಡು, ಮೊಣಕಾಲಿನ ಕೆಳಗೆ ಜಂಗು ಕಟ್ಟಿಕೊಳ್ಳುತ್ತಿದ್ದಾರೆ. ಜಂಗು ಅಂದರೆ ಜಂಗಮರು ಭಿಕ್ಷೆಗೆ ಹೊರಟಾಗ ಕಾಲಿಗೆ ಕಟ್ಟುವ ಗಂಟೆ. ಅಯ್ಯನವರು ಬಂದರು ಎಂದು ಮನೆಯವರಿಗೆ ಅದರಿಂದಲೇ ತಿಳಿಯಬೇಕು.

"ಮಾವಾರ, ಎಲ್ಲಿಗಿ ಹೊಂಟೀರಿ?"

"ಕಂತಿ ಭಿಕ್ಷಾಕ್ಕ, ಯವ್ವಾ. ಇಲ್ಲಿ ದಾರಿ ಗೊತ್ತಿಲ್ಲ. ಕಾಲು ಒಯ್ದ ಕಡಿ ಹೋಗೂದು."

ಊರಿನಲ್ಲಿ ಅವರು ಒಂದು ದಿನವೂ ಕಂತಿ ಬಿಟ್ಟವರಲ್ಲ. ಐದು ಮನೆಯ ಬಾಗಿಲಲ್ಲಿ ನಿಲ್ಲಬೇಕು, ಅವರು ನೀಡಿದ್ದನ್ನು ಒಂದೇ ಜೋಳಿಗೆಯಲ್ಲಿ ತರಬೇಕು, ಲಿಂಗಕ್ಕೆ ತೋರಿಸಿ ಉಣ್ಣಬೇಕು. ಐದು ಮನೆ ಆಗದೆ ಅನ್ನ ಮುಟ್ಟುವ ಹಾಗಿಲ್ಲ. ಮನೆಯಲ್ಲಿ ಇಲ್ಲದ್ದಕ್ಕೆ ಬೇಡುವುದಲ್ಲ ಅದು, ನಾನು ಅನ್ನುವುದನ್ನು ದಿನಾ ಒಮ್ಮೆ ಮಂದಿಯ ಹೊಸ್ತಿಲಲ್ಲಿ ಇಳಿಸಿ ಬರುವುದು. ಅವರ ಅಪ್ಪ ಮಾಡಿದ್ದರು, ಅಜ್ಜ ಮಾಡಿದ್ದರು. ಆದರೆ ಇದು ಊರಲ್ಲವಲ್ಲ.

"ಇಲ್ಲಿ ಕಂತಿ ಅಂದ್ರ ಯಾರಿಗೂ ಗೊತ್ತಿಲ್ರಿ. ಬಿಸಿ ರೊಟ್ಟಿ ಮಾಡೀನಿ. ನಾನೇ ನೀಡ್ತೀನಿ, ಜೋಳಗಿ ಹಿಡೀರಿ" ಅಂದಳು.

ಮುದುಕರು ನಕ್ಕರು. "ಸ್ವಂತ ಮನ್ಯಾಗ ಬೇಡಿದ್ರ ಅದು ಭಿಕ್ಷಾ ಹೆಂಗಾಗ್ತದ ಹುಚ್ಚಿ? ನಮ್ಮ ಅಪ್ಪ ಅಂತಿದ್ದ, ಯಾವ ಬಾಗಲದಾಗ ಜೋಳಗಿ ಹಿಡದಿ, ಆ ಮನಿ ಇನ್ನ ನಿಂದಲ್ಲ ಅಂತ ತಿಳಿ ಅಂತ. ನಾ ಇಲ್ಲೇ ಇರಾವ. ಇಲ್ಲೇ ಹೆಂಗ ಬೇಡ್ಲಿ?"

ನಾ ಇಲ್ಲೇ ಇರಾವ ಅಂದ ಆ ಮಾತು ಅವಳಿಗೆ ಎಷ್ಟು ಹಿತವಾಯಿತೆಂದರೆ, ಮುಂದೆ ಏನಾದೀತು ಎಂಬ ಫಿಕರನ್ನೇ ಮರೆತು ರೈಲಿಗೆ ಓಡಿದಳು.

ರೈಲು ವಾಡಿ ಮುಟ್ಟುವ ಮುಂಚೆ ಫೋನು ಗುಂಯ್ ಅಂದಿತು. ಲೇಔಟಿನವರ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೊ ಬಂದಿತ್ತು. ಯಾರದೋ ಗೇಟಿನ ಮೇಲಿನ ಕ್ಯಾಮೆರಾದಿಂದ ತೆಗೆದದ್ದು, ಮೇಲಿನಿಂದ ಕಾಣುವ ಬೋಳು ತಲೆ, ಜೋಳಿಗೆ, ಚಾಚಿದ ಕೈ. ಕೆಳಗೆ ಬರೆದಿತ್ತು: "ಯಾರೋ ಅಪರಿಚಿತ ಬೆಳಿಗ್ಗೆಯಿಂದ ಗೇಟು ಗೇಟಿಗೆ ನಿಲ್ಲುತ್ತಿದ್ದಾನೆ. ಬಾಗಿಲು ತೆಗೆಯಬೇಡಿ. ವಾಚ್‌ಮನ್ ಏನು ಮಾಡುತ್ತಿದ್ದಾನೆ?" ಅದರ ಕೆಳಗೆ ಸಾಲಾಗಿ ಹೆಬ್ಬೆರಳುಗಳು.

ಭುವನೇಶ್ವರಿ "ಅವರು ನಮ್ಮ ಮಾವನವರು" ಎಂದು ಬರೆದಳು. ನೋಡಿದಳು. ಅಳಿಸಿದಳು. ಫೋನನ್ನು ಚೀಲದ ತಳಕ್ಕೆ ಹಾಕಿ ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಕೋರ್ಟಿನಲ್ಲಿ ವಕೀಲರಿಗೂ ಹೆದರದ ಹೆಣ್ಣು, ಗುರುತು ಪರಿಚಯ ಇಲ್ಲದವರ ಹೆಬ್ಬೆರಳಿಗೆ ಹೆದರಿದಳು. ಆ ನಾಚಿಕೆ ಅವಳನ್ನು ಕೊನೆಯತನಕ ಬಿಡಲಿಲ್ಲ.

ಸಂಜೆ ಬಂದಾಗ ಮಾವ ಗೋಡೆಗೆ ಒರಗಿ ಕುಳಿತಿದ್ದರು. ಅವಳು ಮಾಡಿಟ್ಟ ಅಡುಗೆ ಮುಚ್ಚಿದ ಹಾಗೇ ಇತ್ತು.

"ಐದು ಮನಿ ಆಗ್ಲಿಲ್ಲವ್ವಾ" ಅಂದರು, ತಪ್ಪು ಅವರದೇ ಎಂಬಂತೆ. "ಒಂದ್ ಮನಿ ಆಯ್ತು. ಮೂಲ್ಯಾಗಿನ ನೀಲಿ ಮನಿ. ಭಾಳ ಛಲೋ ಹುಡುಗಿ. ಅಜ್ಜಾರ, ನಾವು ಬೌದ್ಧರಿದ್ದೀವಿ, ನಡೀತದೇನ್ರಿ ಅಂತ ಕೇಳದಳು. ಭಿಕ್ಷಾಕ್ಕ ನಮ್ಮ ಭಂತೇಜಿ ಬಂದ್ರೂ ಹಿಂಗೇ ನಿಂದರ್ತಾರ್ರಿ ಅಂದಳು. ಬಿಸಿ ಅನ್ನ, ಬ್ಯಾಳಿ ನೀಡಿದಳು."

ಅದು ಲುಂಬಿನಿಯ ಮನೆ. ಗಂಡ ಅಜಯಕುಮಾರ ರೈಲ್ವೆಯಲ್ಲಿದ್ದಾನೆ. ದಾರಿಯಲ್ಲಿ ಸಿಕ್ಕರೆ ಭುವನೇಶ್ವರಿ ನಗುತ್ತಿದ್ದಳು, ಅಷ್ಟೇ. ಆ ಮನೆಯ ಹೊಸ್ತಿಲು ತುಳಿದವಳಲ್ಲ. ಹಾಗೆ ನೋಡಿದರೆ ಮಾವನೂ ಊರಿನಲ್ಲಿದ್ದಾಗ ಗೊತ್ತಿದ್ದ ಐದು ಮನೆ ಬಿಟ್ಟು ಕೇರಿಯ ಕಡೆ ಜಂಗು ಕಟ್ಟಿಕೊಂಡು ಹೋದವರಲ್ಲ. ಇಲ್ಲಿ ಹಸಿವು ಕಲಿಸಿತೋ, ತೆರೆದ ಬಾಗಿಲು ಕಲಿಸಿತೋ, ಶಿವನೇ ಬಲ್ಲ.

ಮರುದಿನವೂ ಅದೇ, ಅದರ ಮರುದಿನವೂ ಅದೇ. ಒಂದು ಮನೆ ಆಗುತ್ತಿತ್ತು, ಐದಾಗುತ್ತಿರಲಿಲ್ಲ. ಸಂಜೆ ಒಂದು ಲೋಟ ಹಾಲು ಕುಡಿದು ಮಲಗುತ್ತಿದ್ದರು. ಅಶೋಕಕುಮಾರ ಒಮ್ಮೆ ಗದರಿಸಿದ, ಒಮ್ಮೆ ಕೈಮುಗಿದ, ಆಮೇಲೆ "ನಿನ್ನ ಮಾತು ಕೇಳ್ತಾರ, ನೀನೇ ಏನರ ಮಾಡು" ಎಂದು ಹೆಂಡತಿಯ ತಲೆಗೆ ಕಟ್ಟಿ ಪಾಳಿಗೆ ಹೋದ. ಗಂಡಸರಿಗೆ ಪಾಳಿ ಅನ್ನುವುದು ದೊಡ್ಡ ಅನುಕೂಲ. ವಾರ ತುಂಬುವ ಮುಂಚೆ ಮುದುಕರು ಅಂಗಳದಲ್ಲಿ ತಲೆ ತಿರುಗಿ ಬಿದ್ದರು. ಡಾಕ್ಟರು ಅವಳನ್ನು ಹೊರಗೆ ಕರೆದು, ಈ ವಯಸ್ಸಿನಲ್ಲಿ ಹೀಗೆ ಉಪವಾಸ ಬಿದ್ದರೆ ಜೀವಕ್ಕೆ ಎರವಾಗುತ್ತದೆ ಅಂದರು.

ಅಂದು ಭುವನೇಶ್ವರಿ ನಾಚಿಕೆಯನ್ನು ಮನೆಯಲ್ಲೇ ಬಿಟ್ಟು ಎದುರು ಮನೆಯ ಸುಂದರಮ್ಮನ ಗೇಟು ತಟ್ಟಿದಳು. ಸುಂದರಮ್ಮ ರಿಟೈರಾದ ಟೀಚರು, ಕೆಟ್ಟವಳೇನಲ್ಲ.

"ದಿನಾ ಒಂದು ರೊಟ್ಟಿರಿ, ಅಕ್ಕಾರ. ನಮ್ಮ ಮಾವಾರು ನಿಮ್ಮ ಬಾಗಲಿಗಿ ಬರ್ತಾರ."

"ಅಯ್ಯ, ಅವರು ನಿಮ್ಮ ಮಾವಾರೇನು? ನಾ ಯಾರೋ ಅಂತ ತಿಳದಿದ್ದೆ" ಎಂದು ಸುಂದರಮ್ಮ ನಾಲಿಗೆ ಕಚ್ಚಿಕೊಂಡಳು. "ಆದ್ರ ನಾವು ಮುಂಜಾನಿ ಒಲಿನೇ ಹಚ್ಚಂಗಿಲ್ಲವ್ವಾ. ಬ್ರೆಡ್ ತಿಂದು ಗುಳಿಗಿ ನುಂಗತೀವಿ. ಅವರಿಗಿ ಬ್ರೆಡ್ ನಡೀತದೇನು?"

ಆಗಲೇ ಅವಳ ಬಾಯಿಂದ ಆ ಮಾತು ಬಂದದ್ದು. "ರೊಟ್ಟಿ ನಾ ಕೊಡ್ತೀನ್ರಿ. ಖಡಕ್ ರೊಟ್ಟಿ, ವಾರಗಟ್ಟಲೆ ಇರ್ತಾವ. ಹಿಂಡಿನೂ ಕೊಡ್ತೀನಿ. ನೀವು ಬರೀ ಬಾಗ್ಲಾ ತಗೀರಿ."

ಸುಂದರಮ್ಮನಿಗೆ ಇದಕ್ಕಿಂತ ಸುಲಭದ ಪುಣ್ಯ ಇನ್ಯಾವುದಿದ್ದೀತು? ಒಪ್ಪಿದಳು. ಭುವನೇಶ್ವರಿ ಇನ್ನೂ ಮೂರು ಮನೆ ತಿರುಗಿದಳು. ಅವರೂ ಒಪ್ಪಿದರು. ಒಬ್ಬರಾದರೂ "ರೊಟ್ಟಿ ನೀ ಯಾಕ ಕೊಡ್ತಿ, ನಮ್ಮ ಮನ್ಯಾಗಿಲ್ಲೇನು" ಅಂದಾರು ಎಂದು ಒಳಗೊಳಗೇ ಆಸೆಪಟ್ಟಿದ್ದಳು. ಯಾರೂ ಅನ್ನಲಿಲ್ಲ. ಲುಂಬಿನಿಯ ಮನೆಗೆ ಅವಳು ಹೋಗಲಿಲ್ಲ, ಅಲ್ಲಿ ಹೇಗೂ ನೀಡುತ್ತಾರಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಅಲ್ಲಿಂದ ಪ್ರತಿ ಭಾನುವಾರ ಮಾವ ಮಧ್ಯಾಹ್ನ ಮಲಗಿದಾಗ ಹಿಂದಿನ ವರಾಂಡದಲ್ಲಿ ರೊಟ್ಟಿ ಬಡಿಯುವುದು, ಒಣಗಿಸುವುದು, ಅತ್ತೆ ಕಲಿಸಿದ ಹಾಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುವುದು ನಡೆಯಿತು. ಅತ್ತೆ ಹಿಂಡಿಗೆ ಹುರಿದ ಕರಿಬೇವು ಹಾಕಿ, ಚೂರು ಬೆಲ್ಲ ಮುಟ್ಟಿಸುತ್ತಿದ್ದಳು, ಗಂಡನಿಗೆ ಇಷ್ಟ ಎಂದು. ಸೊಸೆಗೆ ಬೇರೆ ಹಿಂಡಿ ಮಾಡಲು ಬರುತ್ತಲೇ ಇರಲಿಲ್ಲ. ಕತ್ತಲಾಗುವ ಹೊತ್ತಿಗೆ ನಾಲ್ಕು ಮನೆಗೆ ರೊಟ್ಟಿಯ ಗಂಟು, ಹಿಂಡಿಯ ಡಬ್ಬಿ ತಲುಪುತ್ತಿದ್ದವು.

ಮುದುಕರ ಮೈಗೆ ಜೀವ ಬಂತು. ಬೆಳಿಗ್ಗೆ ಜಂಗಿನ ಸದ್ದು ಬೀದಿಯ ಆ ತುದಿಯಿಂದ ಈ ತುದಿಗೆ ಓಡಾಡತೊಡಗಿತು. ಗುಂಪಿನಲ್ಲಿ ಫೋಟೊ ಬರುವುದು ನಿಂತಿತು. ಒಂದು ಸಂಜೆ ಅವಳು ಚಪ್ಪಲಿ ಬಿಡುವುದರೊಳಗೆ ಮಾವ ಹತ್ತಿರ ಕರೆದರು. ಕಣ್ಣಲ್ಲಿ ನೀರಿತ್ತು.

"ಯವ್ವಾ, ಒಂದು ಮಾತು ಹೇಳ್ತೀನಿ, ನಗಬ್ಯಾಡ. ಈ ಬಡಾವಣಿ ಬಗ್ಗೆ ನಾ ಮನಸಿನಾಗ ಭಾಳ ಬೈಕೊಂಡಿದ್ದೆ. ತಪ್ಪಾಯ್ತು. ಇಲ್ಲಿ ನಾಕೂ ಮನ್ಯಾಗ ನಿಮ್ಮ ಅತ್ತಿ ಕೈ ರುಚಿ ಅದ. ಅದೇ ರೊಟ್ಟಿ, ಅದೇ ಹಿಂಡಿ, ಅದೇ ಬೆಲ್ಲ. ಬ್ಯಾರೆ ಬ್ಯಾರೆ ಮಂದಿ, ಒಂದೇ ರುಚಿ. ಆಕಿ ಸತ್ತಿಲ್ಲ ನೋಡು. ಈ ನಾಕೂ ಮನಿ ಒಲಿ ಮುಂದ ಕುಂತಾಳ. ದಿನಾ ನನಗ ನೀಡ್ಲಿಕತ್ತಾಳ."

ಭುವನೇಶ್ವರಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಹೇಳಿದರೆ ಅನ್ನ ಬಿಡುತ್ತಾರೆ. ಹೇಳದಿದ್ದರೆ ಈ ಮುದುಕ ದಿನಾ ಬೆಳಿಗ್ಗೆ ಒಂದು ಸುಳ್ಳಿನ ಬಾಗಿಲಲ್ಲಿ ನಿಂತು ಸತ್ತ ಹೆಂಡತಿಯನ್ನು ಕಾಣುತ್ತಾನೆ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. "ಹೌದೇನ್ರಿ ಮಾವಾರ" ಎಂದಷ್ಟೇ ಹೇಳಿ ಒಳಗೆ ಹೋಗಿ, ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ಅತ್ತಳು. ಹಿಂಡಿಗೆ ಬೆಲ್ಲ ಹಾಕುವುದನ್ನು ನಿಲ್ಲಿಸಬೇಕು ಎಂದುಕೊಂಡಳು. ಮುಂದಿನ ಭಾನುವಾರ ಕೈ ತಾನಾಗಿಯೇ ಬೆಲ್ಲದ ಡಬ್ಬಿಗೆ ಹೋಯಿತು. ಅವರ ಮುಖದ ಆ ಬೆಳಕನ್ನು ಆರಿಸುವುದಕ್ಕೆ ಅವಳಿಂದ ಆಗಲಿಲ್ಲ.

ಮಳೆಗಾಲ ಕಳೆಯಿತು. ಕೋರ್ಟಿನಲ್ಲಿ ತಪಾಸಣೆಗೆ ಮೇಲಿನವರು ಬರುವವರಿದ್ದರು. ಹಳೆಯ ಕಡತಗಳನ್ನೆಲ್ಲ ಹೊರತೆಗೆದು ಜೋಡಿಸುವ ಕೆಲಸ ಭಾನುವಾರವನ್ನೂ ತಿಂದಿತು. ಆ ವಾರ ರೊಟ್ಟಿ ಆಗಲಿಲ್ಲ. ಹಿಂದಿನವು ಇನ್ನೂ ಉಳಿದಿರುತ್ತವೆ, ಮಧ್ಯೆ ಒಂದು ರಜೆಯಿದೆಯಲ್ಲ, ಅಂದು ಮಾಡಿದರಾಯಿತು ಎಂದು ಅವಳು ಲೆಕ್ಕ ಹಾಕಿದಳು.

ರಜೆಯ ಬೆಳಿಗ್ಗೆ ಮಾಳಿಗೆಯ ಮೇಲೆ ಬಟ್ಟೆ ಒಣ ಹಾಕುತ್ತಿದ್ದಳು. ಕೆಳಗೆ ಬೀದಿಯಲ್ಲಿ ಜಂಗು ಘಲ್ಲೆನ್ನುತ್ತ ಬಂದು ಎದುರು ಮನೆಯ ಗೇಟಿನಲ್ಲಿ ನಿಂತಿತು. "ಕಂತಿ ಭಿಕ್ಷಾ, ತಾಯೀ" ಎಂದ ಮಾವನ ದನಿ. ಬಾಗಿಲು ತೆರೆದು ಸುಂದರಮ್ಮ ಬಂದಳು. ಕೈ ಖಾಲಿ ಇತ್ತು.

"ಅಯ್ಯಾರ, ರೊಟ್ಟಿ ಮುಗದಾವ್ರಿ. ನಿಮ್ಮ ಸೊಸಿಗಿ ಹೇಳ್ರಿ, ಈ ವಾರ ಕೊಟ್ಟೇ ಇಲ್ಲ. ಕೊಟ್ಟಿದ್ರ ನಾ ಇಲ್ಲ ಅಂತಿದ್ದಿಲ್ಲ."

"ಯಾವ ರೊಟ್ಟಿರಿ?"

"ಅದೇರಿ, ಆಕಿ ನಾಕೂ ಮನಿಗಿ ಕೊಡ್ತಾಳಲ್ಲ, ಹಿಂಡಿ ಡಬ್ಬಿ ಸಮೇತ. ನಿಮಗ ಗೊತ್ತಿಲ್ಲೇನು?"

ಮಾಳಿಗೆಯ ಮೇಲೆ ಭುವನೇಶ್ವರಿಯ ಕೈಯಲ್ಲಿದ್ದ ಹಸಿ ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೆಳಗೆ ಮಾವ ಸುಂದರಮ್ಮನಿಗೆ "ಶರಣ್ರಿ" ಅಂದರು. ಮುಂದಿನ ಮನೆಗೆ ಹೋಗಲಿಲ್ಲ. ತಿರುಗಿ ಬಂದರು.

ಅವಳು ಮೆಟ್ಟಿಲು ಇಳಿದು ಬರುವಾಗ ಅವರು ಹಿತ್ತಲ ನಲ್ಲಿಯ ಕೆಳಗೆ ಜೋಳಿಗೆ ತೊಳೆಯುತ್ತಿದ್ದರು. ತೊಳೆದರು, ಹಿಂಡಿದರು, ಮತ್ತೆ ತೊಳೆದರು.

"ಮಾವಾರ, ನೀವು ಉಪಾಸ ಬಿದ್ದಿದ್ರಿ. ನನಗ ಬ್ಯಾರೆ ದಾರಿ ಕಾಣ್ಲಿಲ್ಲ. ಬರೀ ಬಾಗ್ಲಾ ತಗೀರಿ ಅಂತ ನಾನೇ ಅವರಿಗಿ ಹೇಳೀನಿ. ನನ್ನದೇ ತಪ್ಪು. ಬೈರಿ ನನಗ."

"ಬೈದ್ರ ಏನ್ ಬರ್ತದವ್ವಾ. ನೀ ಹೊಟ್ಟಿ ನೋಡಿದಿ. ಅದು ತಪ್ಪಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. "ಆದ್ರ ಇಷ್ಟು ದಿನ ನಾ ನನ್ನ ಮನಿದೇ ಬೇಡಿ ಉಂಡೆ. ನೀಡಲಾರದವರಿಗಿ, ಶಿವ ನಿಮ್ಮ ಒಲಿ ಆರದಂಗ ಇಡ್ಲಿ ಅಂತ ಹರಸಿದೆ. ಅವರ ಮನ್ಯಾಗ ಒಲಿನೇ ಹತ್ತಿದ್ದಿಲ್ಲ." ಜೋಳಿಗೆಯನ್ನು ಮತ್ತೊಮ್ಮೆ ನೀರಿಗೆ ಹಿಡಿದರು. "ನಿಮ್ಮ ಅತ್ತಿ ಅಲ್ಲಿ ಕುಂತಾಳ ಅಂತ ತಿಳದಿದ್ದೆ. ಆಕಿ ಎಲ್ಲೂ ಇಲ್ಲ."

ಅವಳು ಅವರ ಕಾಲು ಹಿಡಿದುಕೊಂಡಳು. ಅವರು ತಲೆಯ ಮೇಲೆ ಒದ್ದೆ ಕೈ ಇಟ್ಟರು.

"ಲುಂಬಿನಿ ಮನಿದೂ ನಿಂದೇ ಏನು?"

"ಇಲ್ರಿ. ಆ ಮನಿಗಿ ನಾ ಹೋಗಿಲ್ಲ."

"ಯಾಕ ಹೋಗಿಲ್ಲ?"

ಅವಳಿಗೆ ಉತ್ತರ ಗೊತ್ತಿತ್ತು. ಅವರು ಅವಳ ಮುಖ ನೋಡಿ, ಮತ್ತೆ ಕೇಳಲಿಲ್ಲ. "ಹಂಗಾರ ಒಂದ್ ಮನಿದಾದ್ರೂ ಉಂಡೀನಿ" ಎಂದು ಜೋಳಿಗೆ ಹಿಂಡಿ ತಂತಿಯ ಮೇಲೆ ಹಾಕಿದರು. ಆ ದಿನ ಏನೂ ಉಣ್ಣಲಿಲ್ಲ. ಅಶೋಕಕುಮಾರ ಪಾಳಿಗೆ ಹೊರಡುವ ಮುಂಚೆ ಅವರ ಕೋಣೆಯಲ್ಲಿ ಇಣುಕಿ, ಮಲಗಿದ್ದಾರೆ ಎಂದು ಹೋದ. ಭುವನೇಶ್ವರಿ ನಿದ್ದೆ ಎಳೆಯುವ ತನಕ ಬಾಗಿಲ ಹೊರಗೆ ಕುಳಿತಿದ್ದಳು. ನಾಳೆ ರಜೆ ಹಾಕಿ, ಮನೆ ಮನೆಗೆ ಹೋಗಿ, ನಿಮ್ಮ ಒಲೆಯದೇ ಒಂದು ತುತ್ತು ಕೊಡಿ ಎಂದು ತಾನೇ ಸೆರಗೊಡ್ಡಬೇಕು, ಮೊದಲು ಲುಂಬಿನಿಯ ಮನೆಗೆ ಹೋಗಬೇಕು ಎಂದು ನಿಶ್ಚಯಿಸಿಕೊಂಡಳು. ಬುದ್ಧಿ ಬಂತು, ಹೊತ್ತು ಮೀರಿ ಬಂತು.

ಬೆಳಿಗ್ಗೆ ಎದ್ದು ಹಿಟ್ಟು ನಾದಿ ಹಂಚು ಇಟ್ಟಿದ್ದಳು. ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಒಳಗೆ ಗೊರಕೆ ಹೊಡೆಯುತ್ತಿದ್ದ. ಮಾವನ ಕೋಣೆಯಲ್ಲಿ ಸದ್ದಿಲ್ಲ, ಪೂಜೆಯಲ್ಲಿರಬೇಕು ಅಂದುಕೊಂಡಳು. ಅಷ್ಟರಲ್ಲಿ ಜಂಗು ಕೇಳಿಸಿತು. ಒಳಗಿನಿಂದಲ್ಲ, ಹೊರಗಿನಿಂದ. ಬೀದಿಯಿಂದ ಬಂತು, ಗೇಟು ದಾಟಿತು, ತನ್ನದೇ ಮೆಟ್ಟಿಲ ಮುಂದೆ ನಿಂತಿತು.

"ಕಂತಿ ಭಿಕ್ಷಾ, ತಾಯೀ."

ಹಿಟ್ಟಿನ ಕೈಯಲ್ಲೇ ಓಡಿ ಬಾಗಿಲು ತೆರೆದಳು. ರೇವಣಸಿದ್ದಯ್ಯನವರು ನಿಂತಿದ್ದರು. ಹಣೆಯ ಮೇಲೆ ವಿಭೂತಿ, ಬಗಲಲ್ಲಿ ಬಟ್ಟೆಯ ಗಂಟು. ಒಗೆದ ಜೋಳಿಗೆಯ ಬಾಯಿ ಅವಳ ಕಡೆ ತೆರೆದು ಹಿಡಿದಿದ್ದರು.

ಯಾವ ಬಾಗಿಲಲ್ಲಿ ಜೋಳಿಗೆ ಹಿಡಿದೆಯೋ ಆ ಮನೆ ನಿನ್ನದಲ್ಲ. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಮಾವಾರ, ಹಿಂಗ ಮಾಡಬ್ಯಾಡ್ರಿ. ಒಳಗ ಬರ್ರಿ. ನಾ ಎಲ್ಲಾ ಮನಿಗಿ ಹೋಗ್ತೀನಿ, ಕಾಲು ಬೀಳ್ತೀನಿ. ಒಳಗ ಬರ್ರಿ ಮಾವಾರ."

ಮಾವ ಅನ್ನುವವರು ಬೇರೆ ಯಾರೋ ಎಂಬಂತೆ ಅವರು ನೆಲ ನೋಡುತ್ತ ನಿಂತರು. ಭಿಕ್ಷೆಗೆ ಬಂದ ಜಂಗಮರು ಹಾಗೇ ನಿಲ್ಲುತ್ತಾರೆ, ಮನೆಯವರ ಮುಖ ನೋಡುವುದಿಲ್ಲ. ಮತ್ತೊಮ್ಮೆ ಅದೇ ದನಿಯಲ್ಲಿ ಅಂದರು, "ಕಂತಿ ಭಿಕ್ಷಾ, ತಾಯೀ."

ಮೂರನೆಯ ಸಲ ಅನ್ನುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗಂಡನನ್ನು ಎಬ್ಬಿಸಲು ಒಳಗೆ ತಿರುಗಿದವಳು ಅಲ್ಲೇ ನಿಂತಳು. ಅವನು ಬಂದು ಕೈ ಹಿಡಿದು ಎಳೆಯುತ್ತಾನೆ, ಬೀದಿ ನೋಡುತ್ತದೆ, ಯಾವುದೋ ಗೇಟಿನ ಕ್ಯಾಮೆರಾ ನೋಡುತ್ತದೆ. ಕೊಡದೆ ನಿಂತರೆ ನಿನ್ನೆಯಿಂದ ಹಸಿದವರನ್ನು ಬರಿಯ ಜೋಳಿಗೆಯಲ್ಲಿ ಕಳಿಸಿದ ಹಾಗೆ. ಆ ನಾಲ್ಕು ಮನೆಯವರು ಮಾಡಿದ್ದೂ ಅದನ್ನೇ. ಕೊಟ್ಟರೆ, ಈ ಮನೆಯಲ್ಲಿ ಮಾವ ಇಲ್ಲ.

ಅಡುಗೆಮನೆಗೆ ಹೋಗಿ ರೊಟ್ಟಿ ಬಡಿದಳು. ಕಣ್ಣೀರು ಹಿಟ್ಟಿಗೆ ಬೀಳದಂತೆ ಮುಖ ತಿರುಗಿಸಿಕೊಂಡು ಬಡಿದಳು. ಹಂಚಿನ ಮೇಲೆ ಉಬ್ಬಿದ ರೊಟ್ಟಿಗೆ ಒಂದು ಚಮಚ ಹಿಂಡಿ ಹಾಕಿ, ಸೆರಗು ತಲೆಗೆಳೆದುಕೊಂಡು ಬಂದು, ಬಗ್ಗಿ ಜೋಳಿಗೆಗೆ ಇಟ್ಟಳು.

"ಶಿವ ನಿಮ್ಮ ಒಲಿ ಆರದಂಗ ಇಡ್ಲಿ, ತಾಯೀ" ಅಂದರು ಅವರು. "ನೀವು ಭಾಳ ಛಲೋ ಮಂದಿ."

ಮದುವೆಯಾಗಿ ಬಂದ ದಿನದಿಂದ ಅವಳನ್ನು ಅವರು ನೀನು ಅಂದಿದ್ದರು, ಹುಚ್ಚಿ ಅಂದಿದ್ದರು, ಯವ್ವಾ ಅಂದಿದ್ದರು. ನೀವು ಅಂದದ್ದು ಇದೇ ಮೊದಲು.

ಜಂಗು ಮೆಟ್ಟಿಲು ಇಳಿಯಿತು. ಸುಂದರಮ್ಮನ ಗೇಟಿನಲ್ಲಿ ನಿಲ್ಲಲಿಲ್ಲ. ಮೂಲೆಯ ನೀಲಿ ಮನೆಯ ಮುಂದೆ ನಿಂತಿತು. ಲುಂಬಿನಿ ಬಂದಳು, ತಟ್ಟೆಯಿಂದ ಜೋಳಿಗೆಗೆ ಏನೋ ನೀಡಿದಳು, ಕೈಮುಗಿದಳು. ಉಳಿದ ಮೂರು ಮನೆಯನ್ನು ಅವರು ಎಲ್ಲಿ ಕಂಡುಕೊಳ್ಳುತ್ತಾರೋ, ಸೇಡಂ ಕಡೆ ಇಳಿದ ಮೇಲೆಯೋ, ಊರಿನ ಮಠದ ಪಡಸಾಲೆ ಮುಟ್ಟಿದ ಮೇಲೆಯೋ, ಅಷ್ಟರ ತನಕ ಆ ಬಿಸಿ ರೊಟ್ಟಿ ಜೋಳಿಗೆಯಲ್ಲಿ ಆರುತ್ತಿರುತ್ತದೆ.

ಭುವನೇಶ್ವರಿ ಚಪ್ಪಲಿಯ ನೆನಪೂ ಇಲ್ಲದೆ ಕಮಾನಿನ ತನಕ ಓಡಿದಳು. ಬೋರ್ಡಿನ ಹತ್ತಿರ ನಿಂತು ನೋಡಿದರೆ ಹೆದ್ದಾರಿಯ ಆಚೆ ಕಾವಿ ಬಣ್ಣ ಆಗಲೇ ಚಿಕ್ಕದಾಗಿತ್ತು, ಬೆಳಗಿನ ರೈಲು ದೂರದಲ್ಲಿ ಕೂಗುತ್ತಿತ್ತು. ಸ್ಟೇಷನ್ನು ನಿಜವಾಗಿಯೂ ಹತ್ತಿರವೇ ಇತ್ತು.